ಅರ್ಧಕ್ಕೆ ನಿಂತ ಅಪ್‌ಡೇಟ್: ವಿದ್ಯುತ್ ಕಾರುಗಳಲ್ಲಿ ಓಟಿಎ ದೋಷವನ್ನು ಪತ್ತೆ ಹಚ್ಚುವ ಕ್ರಮ

ವಿದ್ಯುತ್ ಕಾರಿನ ಪರದೆಯ ಮೇಲೆ ‘ಅಪ್‌ಡೇಟ್ ವಿಫಲವಾಗಿದೆ’ ಎಂಬ ಸಾಲು ಮೂಡಿದ ಕೂಡಲೇ ಕೈ ತಾನಾಗಿಯೇ ‘ಮತ್ತೆ ಪ್ರಯತ್ನಿಸಿ’ ಗುಂಡಿಯತ್ತ ಹೋಗುತ್ತದೆ. ಆ ಗುಂಡಿಯನ್ನು ಒತ್ತುವ ಮೊದಲು ಏನೇನು ನೋಡಬೇಕು ಎಂಬುದೇ ಈ ಬರಹದ ವಿಷಯ. ಬೆಂಗಳೂರಿನಲ್ಲಿ ಕಚೇರಿ ಸಿಬ್ಬಂದಿಯನ್ನು ಕರೆದೊಯ್ಯುವ ವಿದ್ಯುತ್ ಕ್ಯಾಬ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾದ್ದರಿಂದ, ಇಂತಹ ದೂರುಗಳು ಸಾಮಾನ್ಯವಾಗಿ ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೇ ನನ್ನ ಫೋನಿಗೆ ಬರುತ್ತವೆ. ನಾನು ಕಂಡಂತೆ, ಅರ್ಧಕ್ಕೆ ನಿಂತ ಅಪ್‌ಡೇಟ್‌ಗಳಲ್ಲಿ ಹೆಚ್ಚಿನವು ಸಾಫ್ಟ್‌ವೇರ್ ಕೆಟ್ಟಿದ್ದರಿಂದ ನಿಂತವಲ್ಲ. ಆ ಹೊತ್ತಿನಲ್ಲಿ ಕಾರು ಇದ್ದ ಸ್ಥಿತಿಯಿಂದ, ಅದರಲ್ಲೂ ಯಾರ ಕಣ್ಣಿಗೂ ಬೀಳದ 12 ವೋಲ್ಟ್ ಬ್ಯಾಟರಿಯ ಸ್ಥಿತಿಯಿಂದ ನಿಂತವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಸಾಫ್ಟ್‌ವೇರನ್ನು ಬೈದುಕೊಂಡು ಮೇಲಿಂದ ಮೇಲೆ ಇನ್‌ಸ್ಟಾಲ್ ಒತ್ತಿದರೆ, ಅರ್ಧ ಗಂಟೆಯಲ್ಲಿ ಬಗೆಹರಿಯಬೇಕಾದ ದೋಷ ಟೋಯಿಂಗ್ ವಾಹನ ಕರೆಸುವವರೆಗೆ ಬೆಳೆಯುತ್ತದೆ.

ಮೊದಲು ಬರೆದಿಟ್ಟುಕೊಳ್ಳಬೇಕಾದದ್ದು

ಏನನ್ನೂ ಮುಟ್ಟದೆ ಪರದೆಯ ಚಿತ್ರವೊಂದನ್ನು ತೆಗೆದುಕೊಳ್ಳಬೇಕು. ಈಗ ಕಾರಿನಲ್ಲಿರುವ ಆವೃತ್ತಿಯ ಸಂಖ್ಯೆ, ಬರಬೇಕಿದ್ದ ಆವೃತ್ತಿಯ ಸಂಖ್ಯೆ, ಕೆಲಸ ನಿಂತ ಶೇಕಡಾವಾರು, ತೋರಿಸಿದ ಸಂದೇಶದ ಪೂರ್ತಿ ಒಕ್ಕಣೆ, ಸಮಯ, ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ಚಾರ್ಜ್, ಕಾರು ನಿಂತಿದ್ದ ಜಾಗ ಮತ್ತು ಚಾರ್ಜಿಂಗ್ ಕೇಬಲ್ ಸಿಕ್ಕಿಸಿತ್ತೇ ಇಲ್ಲವೇ ಎಂಬುದು, ಇಷ್ಟು ಬರೆದಿಟ್ಟುಕೊಂಡರೆ ಮುಂದಿನ ಕೆಲಸ ಅರ್ಧ ಮುಗಿದಂತೆ. ಹಲವು ಕಾರುಗಳು ಪರದೆ ಮರುಚಾಲನೆಯಾದ ಮೇಲೆ ಹಳೆಯ ಸಂದೇಶವನ್ನು ಮತ್ತೆ ತೋರಿಸುವುದಿಲ್ಲ. ‘ಏನೋ ಕೆಂಪಗೆ ಬಂದಿತ್ತು ಸರ್’ ಎಂಬ ವಿವರಣೆಯಿಂದ ಯಾವ ದೋಷವನ್ನೂ ಪತ್ತೆ ಮಾಡಲಾಗದು.

ಯಾವ ಹಂತದಲ್ಲಿ ನಿಂತಿತು

ಓಟಿಎ ಎಂದರೆ ಗಾಳಿಯ ಮೂಲಕ ಬರುವ ಅಪ್‌ಡೇಟ್ ಎಂದು ಎಲ್ಲರಿಗೂ ಗೊತ್ತು, ಆದರೆ ಅದು ಒಂದೇ ಕೆಲಸವಲ್ಲ. ಮೊದಲು ಕಂಪನಿಯ ಸರ್ವರ್ ಕಾರಿನ ಚಾಸಿಸ್ ಸಂಖ್ಯೆ, ಅದರೊಳಗೆ ಒಂದೊಂದು ಭಾಗವನ್ನು ನಡೆಸುವ ಸಣ್ಣ ಕಂಪ್ಯೂಟರುಗಳಾದ ಕಂಟ್ರೋಲ್ ಯೂನಿಟ್‌ಗಳ ಪಟ್ಟಿ ಮತ್ತು ಈಗಿನ ಆವೃತ್ತಿಗಳನ್ನು ತಾಳೆ ನೋಡಿ, ಈ ಕಾರಿಗೆ ಈ ಕಂತು, ಅಂದರೆ ಅಪ್‌ಡೇಟ್ ಫೈಲುಗಳ ಈ ಕಟ್ಟು, ಹೊಂದುತ್ತದೆ ಎಂದು ತೀರ್ಮಾನಿಸುತ್ತದೆ. ಬಳಿಕ ಫೈಲುಗಳು ಡೌನ್‌ಲೋಡ್ ಆಗುತ್ತವೆ. ಇದು ಕಾರು ಓಡುತ್ತಿರುವಾಗಲೂ ಹಿನ್ನೆಲೆಯಲ್ಲಿ ನಡೆಯಬಹುದು. ಮೂರನೆಯದಾಗಿ ಆ ಫೈಲುಗಳಿಗೆ ಕಂಪನಿ ಹಾಕಿದ ಡಿಜಿಟಲ್ ಸಹಿ ಸರಿಯಿದೆಯೇ ಎಂಬ ಪರಿಶೀಲನೆ. ನಾಲ್ಕನೆಯದು ಇನ್‌ಸ್ಟಾಲ್, ಕಾರು ನಿಂತಿರಲೇಬೇಕಾದದ್ದು, ಹಲವು ಮಾದರಿಗಳಲ್ಲಿ ಒಳಗೆ ಯಾರೂ ಇರಬಾರದದ್ದು ಈ ಹಂತದಲ್ಲಿ. ಕೊನೆಗೆ ಎಲ್ಲ ಯೂನಿಟ್‌ಗಳೂ ಮರುಚಾಲನೆಗೊಂಡು ತಮ್ಮ ಹೊಸ ಆವೃತ್ತಿಯನ್ನು ಸರ್ವರ್‌ಗೆ ವರದಿ ಮಾಡುತ್ತವೆ. ಐದೂ ಹಂತಗಳ ದೋಷಗಳು ಬೇರೆಬೇರೆ, ಪರಿಹಾರಗಳೂ ಬೇರೆಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಇನ್‌ಸ್ಟಾಲ್ ಹಂತದಲ್ಲೂ ಎರಡು ಬಗೆಯ ಯೂನಿಟ್‌ಗಳಿರುತ್ತವೆ ಎಂಬುದನ್ನು ತಿಳಿದಿರಬೇಕು. ಪರದೆ, ಕಾರನ್ನು ಮೊಬೈಲ್ ಜಾಲದ ಮೂಲಕ ಸರ್ವರ್‌ಗೆ ಜೋಡಿಸುವ ಟೆಲಿಮ್ಯಾಟಿಕ್ಸ್‌ನಂತಹ ದೊಡ್ಡ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಎರಡು ಮನೆಗಳಿರುತ್ತವೆ: ಹಳೆಯ ಸಾಫ್ಟ್‌ವೇರ್ ಒಂದರಲ್ಲಿ ಕೆಲಸ ಮಾಡುತ್ತಿರುವಾಗ ಹೊಸದನ್ನು ಇನ್ನೊಂದರಲ್ಲಿ ಬರೆದು, ಅದು ಸರಿಯಾಗಿ ಎದ್ದು ನಿಂತ ಮೇಲಷ್ಟೇ ಮನೆ ಬದಲಾಯಿಸಲಾಗುತ್ತದೆ. ಇಲ್ಲಿ ಅರ್ಧಕ್ಕೆ ನಿಂತರೂ ಹಳೆಯದು ಹಾಗೆಯೇ ಇರುತ್ತದೆ. ಬಾಗಿಲು, ದೀಪ, ಪಂಪುಗಳನ್ನು ನಡೆಸುವ ಸಣ್ಣ ಯೂನಿಟ್‌ಗಳಲ್ಲಿ ಅನೇಕವಕ್ಕೆ ಇರುವುದು ಒಂದೇ ಮನೆ. ಹಳೆಯದನ್ನು ಅಳಿಸಿದ ಜಾಗದಲ್ಲೇ ಹೊಸದನ್ನು ಬರೆಯಬೇಕು. ಅಳಿಸಿ ಮುಗಿದು ಬರೆಯುವ ನಡುವೆ ವಿದ್ಯುತ್ ಹೋದರೆ ಆ ಯೂನಿಟ್‌ನಲ್ಲಿ ಉಳಿಯುವುದು ಬೂಟ್‌ಲೋಡರ್ ಎಂಬ ಪುಟ್ಟ ಕಾರ್ಯಕ್ರಮ ಮಾತ್ರ. ಯೂನಿಟ್ ಸತ್ತಿರುವುದಿಲ್ಲ, ಆದರೆ ಯಾರಾದರೂ ಮತ್ತೆ ಬರೆಯುವವರೆಗೆ ತನ್ನ ಕೆಲಸವನ್ನೂ ಮಾಡುವುದಿಲ್ಲ.

ಅಪ್‌ಡೇಟ್ ಬಂದೇ ಇಲ್ಲ ಎಂಬ ದೂರು

ಇದರಲ್ಲಿ ಹೆಚ್ಚಿನವು ದೋಷಗಳೇ ಅಲ್ಲ. ಯಾವ ಕಂಪನಿಯೂ ಹೊಸ ಆವೃತ್ತಿಯನ್ನು ಎಲ್ಲ ಕಾರುಗಳಿಗೂ ಒಂದೇ ದಿನ ಕಳುಹಿಸಬಾರದು, ಜವಾಬ್ದಾರಿಯುಳ್ಳವರು ಕಳುಹಿಸುವುದೂ ಇಲ್ಲ. ಮೊದಲು ತಮ್ಮ ಸಿಬ್ಬಂದಿಯ ಕಾರುಗಳಿಗೆ, ಆಮೇಲೆ ಸಣ್ಣದೊಂದು ಗುಂಪಿಗೆ, ಅಲ್ಲಿ ದೂರು ಬರದಿದ್ದರೆ ದೊಡ್ಡ ಗುಂಪುಗಳಿಗೆ ಬಿಡುತ್ತಾರೆ. ಈ ಎಚ್ಚರಿಕೆ ಯಾಕೆ ಬೇಕು ಎಂಬುದಕ್ಕೆ 2023ರ ನವೆಂಬರ್‌ನಲ್ಲಿ ಅಮೆರಿಕದ ರಿವಿಯನ್ ಕಂಪನಿಗೆ ಆದದ್ದು ಸಾಕ್ಷಿ. ತಪ್ಪು ಭದ್ರತಾ ಪ್ರಮಾಣಪತ್ರಗಳಿದ್ದ ತಪ್ಪು ಕಂತೊಂದು ಕೈತಪ್ಪಿನಿಂದ ಹೊರಗೆ ಹೋಗಿ, ಅದನ್ನು ಹಾಕಿಕೊಂಡ ವಾಹನಗಳ ಇನ್ಫೊಟೈನ್‌ಮೆಂಟ್ ವ್ಯವಸ್ಥೆ ಕೈಕೊಟ್ಟಿತು. ವಾಹನ ಓಡುತ್ತಿತ್ತು, ಪರದೆ ಮಾತ್ರ ಕಪ್ಪು. ಕಂಪನಿ ವಿತರಣೆಯನ್ನು ತಕ್ಷಣ ನಿಲ್ಲಿಸಿತು. ಗುಂಪುಗುಂಪಾಗಿ ಬಿಡದೆ ಒಮ್ಮೆಗೇ ಬಿಟ್ಟಿದ್ದರೆ ನಿಲ್ಲಿಸಲು ಏನೂ ಉಳಿದಿರುತ್ತಿರಲಿಲ್ಲ. ಹಾಗಾಗಿ ಪಕ್ಕದ ಮನೆಯವರ ಕಾರಿಗೆ ಬಂದದ್ದು ನಮಗೆ ಮೂರು ವಾರ ಬರಲಿಲ್ಲವೆಂದರೆ ಅದರಲ್ಲಿ ತನಿಖೆ ಮಾಡುವಂಥದ್ದೇನೂ ಇಲ್ಲ.

ತಿಂಗಳುಗಳೇ ಕಳೆದರೂ ಬರದಿದ್ದರೆ ಮಾತ್ರ ನೋಡಬೇಕಾದ ಮೂರು ಸಂಗತಿಗಳಿವೆ. ಕಾರಿನೊಳಗಿನ ಸಿಮ್‌ನ ಉಚಿತ ಸಂಪರ್ಕದ ಅವಧಿ ಮುಗಿದಿರಬಹುದು. ಸೆಕೆಂಡ್ ಹ್ಯಾಂಡ್ ಕಾರಾಗಿದ್ದರೆ ಆ್ಯಪ್‌ನಲ್ಲಿ ಇನ್ನೂ ಹಳೆಯ ಮಾಲೀಕರ ಖಾತೆಯೇ ಇದ್ದು, ಒಪ್ಪಿಗೆ ಕೇಳುವ ಸಂದೇಶ ಅವರ ಫೋನಿಗೆ ಹೋಗುತ್ತಿರಬಹುದು. ಇದು ನಗುವ ವಿಷಯದಂತೆ ಕಂಡರೂ ನಾನು ಕಂಡದ್ದೇ. ಅಪಘಾತದ ನಂತರ ಬದಲಾಯಿಸಿದ ಯೂನಿಟ್ ಒಂದರ ಭಾಗಸಂಖ್ಯೆ ಸರ್ವರ್‌ನಲ್ಲಿರುವ ಪಟ್ಟಿಗೆ ಹೊಂದದೆ, ಸರ್ವರ್ ಈ ಕಾರನ್ನು ಎಲ್ಲ ಗುಂಪುಗಳಿಂದಲೂ ಹೊರಗಿಟ್ಟಿರಬಹುದು. ಮೂರನೆಯದನ್ನು ಸರಿಪಡಿಸುವುದು ಸರ್ವಿಸ್ ಸೆಂಟರ್‌ನವರಿಂದ ಮಾತ್ರ ಸಾಧ್ಯ, ಮತ್ತು ‘ಯೂನಿಟ್ ಬದಲಾಯಿಸಿದ ಮೇಲೆ ಕಾನ್ಫಿಗರೇಶನ್ ನೋಂದಣಿ ಆಗಿದೆಯೇ ನೋಡಿ’ ಎಂದು ನಾವಾಗಿಯೇ ಹೇಳದಿದ್ದರೆ ಅವರು ನೋಡುವ ಸಂಭವ ಕಡಿಮೆ.

ಡೌನ್‌ಲೋಡ್ ಮುಗಿಯುತ್ತಿಲ್ಲ

ಅಪಾರ್ಟ್‌ಮೆಂಟಿನ ಎರಡನೆಯ ಬೇಸ್‌ಮೆಂಟ್‌ನಲ್ಲಿ ನಿಂತ ಕಾರಿಗೆ ಸಿಗ್ನಲ್ ಸಿಗುವುದಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಆದರೆ ಒಂದು ಗೆರೆಯಷ್ಟು ಸಿಗ್ನಲ್ ಇರುವ ಜಾಗ ಅದಕ್ಕಿಂತಲೂ ಕೆಟ್ಟದ್ದು. ಸಂಪರ್ಕ ಕೂಡುತ್ತಾ ಕಡಿಯುತ್ತಾ ಇರುವುದರಿಂದ ಟೆಲಿಮ್ಯಾಟಿಕ್ಸ್ ಯೂನಿಟ್ ನಿದ್ದೆಗೆ ಜಾರದೆ ರಾತ್ರಿಯಿಡೀ 12 ವೋಲ್ಟ್ ಬ್ಯಾಟರಿಯನ್ನು ತಿನ್ನುತ್ತಿರುತ್ತದೆ. ಕಾರನ್ನು ಬಯಲಿಗೆ ತಂದು, ಚಾಲನೆಯಲ್ಲಿಟ್ಟು, ಅರ್ಧ ಗಂಟೆ ನೋಡುವುದು ಮೊದಲ ಪರೀಕ್ಷೆ. ವೈಫೈಗೆ ಅವಕಾಶವಿರುವ ಕಾರುಗಳಲ್ಲಿ ಫೋನಿನ ಹಾಟ್‌ಸ್ಪಾಟ್ ಬಳಸುವಾಗ ಫೋನಿನ ಪರದೆ ಆರಿದೊಡನೆ ಹಾಟ್‌ಸ್ಪಾಟ್ ಕೂಡ ಮಲಗುವುದಿಲ್ಲವೇ ಎಂದು ಖಚಿತಪಡಿಸಿಕೊಳ್ಳಬೇಕು.

ಸಿಗ್ನಲ್ ಚೆನ್ನಾಗಿದ್ದೂ ಡೌನ್‌ಲೋಡ್ ಶುರುವಾದ ಕ್ಷಣದಲ್ಲೇ ಸೋಲುತ್ತಿದ್ದರೆ ಕಾರಿನ ತಾರೀಖನ್ನು ನೋಡಬೇಕು. 12 ವೋಲ್ಟ್ ಬ್ಯಾಟರಿಯನ್ನು ಕಳಚಿಟ್ಟಿದ್ದ ಕಾರಿನಲ್ಲಿ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿರಬಹುದು. ಸರ್ವರ್‌ನ ಭದ್ರತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಹಿಂದಿನ ತಾರೀಖಿನಲ್ಲಿ ಕೂತ ಕಾರಿಗೆ ಅದು ಇನ್ನೂ ಹುಟ್ಟದ ಪ್ರಮಾಣಪತ್ರ, ಆದ್ದರಿಂದ ಕಾರು ಅದನ್ನು ನಂಬುವುದಿಲ್ಲ. ಬಯಲಿನಲ್ಲಿ ಹತ್ತು ನಿಮಿಷ ಓಡಿಸಿ ಜಿಪಿಎಸ್ ಸಿಕ್ಕಿದರೆ ಸಾಮಾನ್ಯವಾಗಿ ಗಡಿಯಾರ ತಾನೇ ಸರಿಹೋಗುತ್ತದೆ.

ಹಳೆಯ ಕಾರುಗಳಲ್ಲಿ ಇನ್ನೊಂದು ಸಾಧ್ಯತೆಯೂ ಇದೆ. ಸಾಫ್ಟ್‌ವೇರನ್ನು ಉಳಿಸಿಡುವ ಫ್ಲ್ಯಾಶ್ ಮೆಮೊರಿಯಲ್ಲಿ ಬರೆದು ಅಳಿಸುವುದು ಇಂತಿಷ್ಟೇ ಸಲ ಸಾಧ್ಯ. ಟೆಸ್ಲಾದ ಹಳೆಯ ಮಾಡೆಲ್ ಎಸ್ ಮತ್ತು ಎಕ್ಸ್ ಕಾರುಗಳಲ್ಲಿ 8 ಜಿಬಿ ಮೆಮೊರಿ ಚಿಪ್ ಸವೆದು ಪರದೆಗಳು ಕೈಕೊಟ್ಟದ್ದರಿಂದ, 2021ರಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಪರದೆ ದಿನೇದಿನೇ ನಿಧಾನವಾಗುತ್ತಾ ಬಂದು, ತಾನಾಗಿ ಮರುಚಾಲನೆಗೊಳ್ಳುತ್ತಾ, ಕೊನೆಗೆ ಡೌನ್‌ಲೋಡ್ ಕೂಡ ಪರಿಶೀಲನೆಯ ಹಂತದಲ್ಲಿ ಸೋಲಲಾರಂಭಿಸಿದರೆ ಅದು ನೆಟ್‌ವರ್ಕಿನ ದೋಷವಲ್ಲ, ಮೆಮೊರಿಯ ಮುಪ್ಪು ಎಂದು ಅನುಮಾನಿಸಬೇಕು.

ಇನ್‌ಸ್ಟಾಲ್ ನಡುವೆ ನಿಂತರೆ: 12 ವೋಲ್ಟ್ ಬ್ಯಾಟರಿ

ಇಷ್ಟು ದೊಡ್ಡ ಬ್ಯಾಟರಿ ಇರುವ ಕಾರಿನಲ್ಲಿ ವಿದ್ಯುತ್ತಿಗೆ ಏನು ಬರ ಎಂದು ಕೇಳುವವರಿದ್ದಾರೆ. ಕಾರಿನ ಕಂಪ್ಯೂಟರುಗಳು, ಬೀಗಗಳು, ದೀಪಗಳು, ಕೊನೆಗೆ ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಕಾಂಟ್ಯಾಕ್ಟರುಗಳು ಸಹ ಕೆಲಸ ಮಾಡುವುದು 12 ವೋಲ್ಟ್‌ನಲ್ಲಿ. ಕಾರು ಚಾಲನೆಯಲ್ಲಿರುವಾಗ ಡಿಸಿ-ಡಿಸಿ ಕನ್ವರ್ಟರ್ ದೊಡ್ಡ ಬ್ಯಾಟರಿಯಿಂದ ವಿದ್ಯುತ್ ತೆಗೆದು ಈ ಸಣ್ಣ ಬ್ಯಾಟರಿಯನ್ನು ತುಂಬಿಸುತ್ತಿರುತ್ತದೆ. ಆದರೆ ಬ್ಯಾಟರಿ ನಿರ್ವಹಣೆಯ ಯೂನಿಟ್‌ಗೋ ಕನ್ವರ್ಟರ್‌ಗೋ ಹೊಸ ಸಾಫ್ಟ್‌ವೇರ್ ಬರೆಯುವ ಹೊತ್ತಿನಲ್ಲಿ ಕಾಂಟ್ಯಾಕ್ಟರುಗಳು ತೆರೆದುಕೊಂಡಿರಬೇಕಾಗುತ್ತದೆ. ಆಗ ಕನ್ವರ್ಟರ್ ನಿಲ್ಲುತ್ತದೆ, ಎಚ್ಚರವಾಗಿರುವ ಹತ್ತಾರು ಯೂನಿಟ್‌ಗಳ ಭಾರವೆಲ್ಲ ಸಣ್ಣ ಬ್ಯಾಟರಿಯ ತಲೆಗೆ ಬೀಳುತ್ತದೆ. ಯೂನಿಟ್‌ಗಳು ಒಂದರೊಡನೊಂದು ಮಾತಾಡುವ ಸಾಮಾನ್ಯ ಕ್ಯಾನ್ ಜಾಲದ ವೇಗ ಸೆಕೆಂಡಿಗೆ 500 ಕಿಲೋಬಿಟ್ ಮಾತ್ರವಾದ್ದರಿಂದ ಒಂದೊಂದು ಯೂನಿಟ್‌ಗೂ ನಿಮಿಷಗಳೇ ಬೇಕಾಗಿ, ಈ ಭಾರ ಬೇಗ ಇಳಿಯುವುದೂ ಇಲ್ಲ.

ಪರೀಕ್ಷೆಗೆ ಬೇಕಾದದ್ದು ಒಂದು ಮಲ್ಟಿಮೀಟರ್. ಕಾರನ್ನು ಬೀಗ ಹಾಕಿ, ಕೀಲಿಯನ್ನು ದೂರವಿಟ್ಟು, ಕನಿಷ್ಠ ಒಂದು ಗಂಟೆ ಬಿಟ್ಟು ಅಳೆಯಬೇಕು. ಬಾನೆಟ್ ತೆರೆದರೆ ಕೆಲವು ಕಾರುಗಳು ಎಚ್ಚರಗೊಳ್ಳುವುದರಿಂದ ಅದನ್ನು ಮೊದಲೇ ತೆರೆದಿಟ್ಟಿರಬೇಕು. ಲೆಡ್-ಆ್ಯಸಿಡ್ ಬ್ಯಾಟರಿಯಾದರೆ 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ತುಂಬಿದೆ ಎಂದೂ, 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಸುಮಾರು ಅರ್ಧ, 12.0 ಇದ್ದರೆ ಕಾಲು ಭಾಗ ಎಂದೂ ತಿಳಿಯಬೇಕು. ಲಿಥಿಯಂನ ಸಣ್ಣ ಬ್ಯಾಟರಿ ಇರುವ ಕಾರುಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ನಿಂತ ಬ್ಯಾಟರಿಯ ವೋಲ್ಟೇಜ್ ಮಾತ್ರ ನೋಡಿ ಸಮಾಧಾನಪಡಬಾರದು. ಮೀಟರನ್ನು ಹಾಗೆಯೇ ಹಿಡಿದುಕೊಂಡು ಕಾರನ್ನು ಎಚ್ಚರಗೊಳಿಸಿ, ಕಾಂಟ್ಯಾಕ್ಟರ್‌ನ ‘ಟಕ್’ ಎಂಬ ಸದ್ದಿಗೆ ಮೊದಲು ವೋಲ್ಟೇಜ್ ಎಷ್ಟಕ್ಕೆ ಕುಸಿಯುತ್ತದೆ ಎಂಬುದನ್ನು ನೋಡಬೇಕು. ಸದ್ದಾದ ಮೇಲೆ ಕನ್ವರ್ಟರ್ ಕೆಲಸಕ್ಕೆ ಇಳಿದು ಲೆಡ್-ಆ್ಯಸಿಡ್ ಬ್ಯಾಟರಿ ಇರುವ ಕಾರಿನಲ್ಲಿ ಸಾಮಾನ್ಯವಾಗಿ 13.5ರಿಂದ 14.5ರವರೆಗೆ ತೋರಿಸಬೇಕು. ತೋರಿಸದಿದ್ದರೆ ದೋಷ ಬ್ಯಾಟರಿಯದ್ದಲ್ಲ, ಅದನ್ನು ತುಂಬಿಸಬೇಕಾದದ್ದರದ್ದು. ಭಾರತದಲ್ಲಿ 2024ರಲ್ಲಿ ಹ್ಯುಂಡೈ ತನ್ನ 1,744 ಅಯಾನಿಕ್ 5 ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಇದೇ ಬಗೆಯ ಭಾಗದ ಸಲುವಾಗಿ. ಐಸಿಸಿಯು ಎಂಬ ಚಾರ್ಜಿಂಗ್ ನಿಯಂತ್ರಣ ಯೂನಿಟ್ ಕೆಟ್ಟರೆ 12 ವೋಲ್ಟ್ ಬ್ಯಾಟರಿ ಬರಿದಾಗುತ್ತಿತ್ತು.

ಒಂದು ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ನಮ್ಮ ಕ್ಯಾಬ್ ಒಂದರ ಚಾಲಕರು ಬೆಳಿಗ್ಗೆ ಐದಕ್ಕೆ ಫೋನ್ ಮಾಡಿ, “ಸರ್, ರಾತ್ರಿ ಮೂರು ಸಲ ಒತ್ತಿದೀನಿ, ಮೂರು ಸಲಾನೂ ಅರವತ್ತೆರಡಕ್ಕೇ ನಿಲ್ತು. ಈಗ ಬಾಗಿಲೇ ತೆಗೀತಿಲ್ಲ” ಎಂದರು. “ಇನ್ನು ಏನೂ ಮುಟ್ಟಬೇಡಿ, ಬರ್ತೀನಿ” ಎಂದು ಹೇಳಿ ಹೋದೆ. ತುರ್ತು ಕೀಲಿಯಿಂದ ಬಾಗಿಲು ತೆರೆದು ಅಳೆದಾಗ ಬ್ಯಾಟರಿಯಲ್ಲಿ ಇದ್ದದ್ದು 10.9 ವೋಲ್ಟ್. ದೊಡ್ಡ ಬ್ಯಾಟರಿ ಶೇಕಡಾ 71ರಷ್ಟು ತುಂಬಿತ್ತು. ಹೊರಗಿನಿಂದ ಸ್ಥಿರ ವಿದ್ಯುತ್ ಕೊಟ್ಟು ಕಾರನ್ನು ಎಬ್ಬಿಸಿ ಸ್ಕ್ಯಾನರ್ ಜೋಡಿಸಿದೆ. ದೋಷದ ದಾಖಲೆಯಲ್ಲಿ ಒಂದೇ ಯೂನಿಟ್‌ನಿಂದ ‘ವೋಲ್ಟೇಜ್ ಕಡಿಮೆ’ ಎಂಬ ನಿರಾಕರಣೆ ಮೂರು ಸಲ ಬಂದಿತ್ತು: ಮೊದಲನೆಯದು ರಾತ್ರಿ 11.20ಕ್ಕೆ, ಕೊನೆಯದು 12.50ಕ್ಕೆ. ಅಂದರೆ ಮೊದಲ ಸಲವೇ ಕಾರು ‘ನನ್ನಿಂದಾಗದು’ ಎಂದು ಹೇಳಿತ್ತು. ಆಮೇಲಿನ ಎರಡು ಪ್ರಯತ್ನಗಳು ಉಳಿದಿದ್ದ ಕಸುವನ್ನೂ ಹೀರಿದ್ದವು.

ಬ್ಯಾಟರಿ ಹಳೆಯದಲ್ಲ. ಹಾಗಾದರೆ ಬರಿದಾದದ್ದು ಹೇಗೆ ಎಂದು ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಅಳೆಯುವ ಕ್ಲಾಂಪ್ ಮೀಟರ್ ಹಾಕಿ, ಕಾರು ಮಲಗುವವರೆಗೆ ಕಾದು ನೋಡಿದರೆ 380 ಮಿಲಿಆಂಪಿಯರ್ ಹರಿಯುತ್ತಿತ್ತು. ಮಲಗಿದ ಕಾರಿನಲ್ಲಿ ಅದು ಸುಮಾರು 50ರ ಒಳಗಿರಬೇಕು. ಫ್ಯೂಸ್‌ಗಳ ಎರಡು ತುದಿಗಳ ನಡುವೆ ಮಿಲಿವೋಲ್ಟ್ ಅಳೆಯುತ್ತಾ ಹೋದಾಗ, ಎಂದಿಗೂ ಆರದ ಒಂದು ಫ್ಯೂಸಿಗೆ ಡ್ಯಾಶ್‌ಕ್ಯಾಮ್‌ನ ತಂತಿಯನ್ನು ಟೇಪು ಸುತ್ತಿ ಸಿಕ್ಕಿಸಿದ್ದು ಸಿಕ್ಕಿತು. ನಿಂತಾಗಲೂ ಚಿತ್ರೀಕರಿಸಲಿ ಎಂದು ಯಾವುದೋ ಆ್ಯಕ್ಸೆಸರಿ ಅಂಗಡಿಯವರು ಮಾಡಿಕೊಟ್ಟ ಉಪಕಾರ. ತಂತಿ ತೆಗೆದು, ಬ್ಯಾಟರಿಯನ್ನು ನಿಧಾನವಾಗಿ ತುಂಬಿಸಿ, ಮರುದಿನ 12.7 ವೋಲ್ಟ್ ಇದ್ದಾಗ ಇನ್‌ಸ್ಟಾಲ್ ಒತ್ತಿದೆವು; 62 ದಾಟಿ ಮುಗಿಯಿತು. ಅಪ್‌ಡೇಟ್‌ನ ಫೈಲು ಮೊದಲ ರಾತ್ರಿ ಇದ್ದದ್ದೇ, ಒಂದಕ್ಷರವೂ ಬದಲಾಗಿರಲಿಲ್ಲ.

ಇದು ನಮ್ಮ ಊರಿನ ಡ್ಯಾಶ್‌ಕ್ಯಾಮ್‌ಗಳ ಕಥೆ ಮಾತ್ರವಲ್ಲ. ಫೋಕ್ಸ್‌ವ್ಯಾಗನ್ ತನ್ನ ಐಡಿ ಸರಣಿಯ ಹಳೆಯ ಕಾರುಗಳಿಗೆ 3.0 ಆವೃತ್ತಿಯ ಸಾಫ್ಟ್‌ವೇರ್ ಕೊಡುವಾಗ ಅವನ್ನು ವರ್ಕ್‌ಶಾಪಿಗೆ ಕರೆಸಿ, ಅನೇಕವಕ್ಕೆ 12 ವೋಲ್ಟ್ ಬ್ಯಾಟರಿಯನ್ನೇ ಬದಲಾಯಿಸಿಕೊಟ್ಟಿತು. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಸಂಬಂಧಿಸಿದ ಆರ್156, 2024ರ ಜುಲೈನಿಂದ ಐರೋಪ್ಯ ಒಕ್ಕೂಟದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ಅಪ್‌ಡೇಟ್ ಮುಗಿಸಲು, ಸೋತರೆ ಹಿಂದಿನ ಸ್ಥಿತಿಗೆ ಮರಳಲು ಸಾಕಾಗುವಷ್ಟು ವಿದ್ಯುತ್ ಇದೆ ಎಂದು ಖಚಿತವಾದ ಮೇಲಷ್ಟೇ ಕಾರು ಕೆಲಸ ಶುರು ಮಾಡಬೇಕು ಎಂಬುದು ಅದರ ಷರತ್ತುಗಳಲ್ಲೊಂದು. ನಿಯಮ ಬರೆದವರಿಗೂ ಈ ಸಣ್ಣ ಬ್ಯಾಟರಿಯ ಗುಣ ಗೊತ್ತಿತ್ತು.

ಬ್ಯಾಟರಿ ಸರಿಯಿದ್ದೂ ಇನ್‌ಸ್ಟಾಲ್ ಶುರುವಾಗಲು ಕಾರು ಒಪ್ಪದಿದ್ದರೆ, ಅದು ದೋಷವಲ್ಲ, ಷರತ್ತು ಪೂರೈಸದಿರುವುದು. ಗೇರ್ ಪಾರ್ಕಿನಲ್ಲಿದೆಯೇ, ಹ್ಯಾಂಡ್‌ಬ್ರೇಕ್ ಹಾಕಿದೆಯೇ, ಬಾನೆಟ್ ಸರಿಯಾಗಿ ಕೂತಿದೆಯೇ, ದೊಡ್ಡ ಬ್ಯಾಟರಿ ಕಂಪನಿ ಹೇಳಿದ ಮಿತಿಗಿಂತ ಮೇಲಿದೆಯೇ, ಚಾರ್ಜಿಂಗ್ ಕೇಬಲ್ ಇರಬೇಕೋ ಇರಬಾರದೋ ಎಂಬುದನ್ನು ಮಾಲೀಕರ ಕೈಪಿಡಿಯಲ್ಲಿ ನೋಡಬೇಕು. ಕೊನೆಯದು ಕಂಪನಿಯಿಂದ ಕಂಪನಿಗೆ ತದ್ವಿರುದ್ಧ. ಜಾಗವನ್ನೂ ಯೋಚಿಸಿ ಆರಿಸಿಕೊಳ್ಳಬೇಕು. 2019ರ ಜನವರಿಯಲ್ಲಿ ಬೀಜಿಂಗ್‌ನ ಚಾಂಗ್‌ಆನ್ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತಿದ್ದ ನಿಯೋ ಇಎಸ್8 ಕಾರೊಂದರಲ್ಲಿ ಅಪ್‌ಡೇಟ್ ಶುರುವಾಗಿ, ಕಿಟಕಿಯನ್ನೂ ಇಳಿಸಲಾಗದೆ ಒಳಗಿದ್ದವರು ಒಂದು ಗಂಟೆಗೂ ಹೆಚ್ಚು ಕಾಲ ನಡುರಸ್ತೆಯಲ್ಲೇ ಸಿಕ್ಕಿಕೊಂಡಿದ್ದರು. ಅಪಾರ್ಟ್‌ಮೆಂಟಿನ ಗೇಟಿನ ಎದುರು ಒತ್ತಿದರೆ ಸುದ್ದಿಯಾಗುವುದಿಲ್ಲ, ಬೈಗುಳ ಮಾತ್ರ ಖಚಿತ.

ಕೆಲವು ಯೂನಿಟ್‌ಗಳು ಹೊಸತು, ಕೆಲವು ಹಳತು

ಇನ್‌ಸ್ಟಾಲ್ ಸೋತ ಮೇಲೆ ಪರದೆಯಲ್ಲಿ ಹಳೆಯ ಆವೃತ್ತಿಯೇ ಕಾಣುತ್ತಿದ್ದರೂ ಒಂದರ ಹಿಂದೊಂದು ಎಚ್ಚರಿಕೆಯ ದೀಪಗಳು ಹತ್ತಿಕೊಂಡರೆ, ಯೂನಿಟ್‌ಗಳ ಆವೃತ್ತಿಗಳು ಒಂದಕ್ಕೊಂದು ಹೊಂದದೆ ಉಳಿದಿವೆ ಎಂದು ಅರ್ಥ. ಇದನ್ನು ಪರದೆಯಿಂದ ತಿಳಿಯಲಾಗದು. ಯುಡಿಎಸ್ ಎಂಬ ರೋಗಪತ್ತೆ ಭಾಷೆಯನ್ನಾಡುವ ಸ್ಕ್ಯಾನರ್ ಬೇಕು. ಪ್ರತಿ ಯೂನಿಟ್‌ನಿಂದಲೂ ಸಾಫ್ಟ್‌ವೇರ್ ಆವೃತ್ತಿಯನ್ನು ಓದಿ, ಅದೇ ಮಾದರಿಯ, ಅಪ್‌ಡೇಟ್ ಸರಿಯಾಗಿ ಆದ ಇನ್ನೊಂದು ಕಾರಿನ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಹಿಂದೆ ಬಿದ್ದದ್ದು ಯಾವುದು ಎಂಬುದು ತಾನಾಗಿ ಕಾಣುತ್ತದೆ. ಉತ್ತರವನ್ನೇ ಕೊಡದ ಯೂನಿಟ್ ಇದ್ದರೆ ಅದರ ಫ್ಯೂಸ್ ಮತ್ತು ಕನೆಕ್ಟರ್ ನೋಡಬೇಕು. ಉತ್ತರ ಕೊಟ್ಟೂ ಬೂಟ್‌ಲೋಡರ್‌ನ ಆವೃತ್ತಿಯನ್ನಷ್ಟೇ ಹೇಳುವ ಯೂನಿಟ್ ಬರೆಯುವ ನಡುವೆ ಕೈಬಿಟ್ಟದ್ದು.

ಕೇಳಿದ್ದನ್ನು ಮಾಡಲಾಗದಿದ್ದಾಗ ಯೂನಿಟ್ ಕೊಡುವ ನಿರಾಕರಣೆಯ ಸಂಖ್ಯೆಗಳು ಇಲ್ಲಿ ತುಂಬ ಉಪಯುಕ್ತ. ಹದಿನಾರರ ಆಧಾರದ ಲೆಕ್ಕದಲ್ಲಿ 22 ಎಂದರೆ ಸನ್ನಿವೇಶ ಸರಿಯಿಲ್ಲ, ಅಂದರೆ ಮೇಲೆ ಹೇಳಿದ ಷರತ್ತುಗಳಲ್ಲಿ ಯಾವುದೋ ಪೂರೈಸಿಲ್ಲ. 93 ಎಂದರೆ ವೋಲ್ಟೇಜ್ ಕಡಿಮೆ. 72 ಎಂದರೆ ಬರೆಯುವುದೇ ಸೋತಿದೆ, ಮೆಮೊರಿಯ ದೋಷವಿರಬಹುದು. 78 ಕಂಡು ಗಾಬರಿಯಾಗಬಾರದು. ‘ಕೆಲಸ ನಡೆದಿದೆ, ಸ್ವಲ್ಪ ತಾಳಿ’ ಎಂದಷ್ಟೇ ಅದರ ಅರ್ಥ, ಆದರೆ ಅಗ್ಗದ ಸ್ಕ್ಯಾನರ್‌ಗಳು ಅದನ್ನೂ ದೋಷದ ಪಟ್ಟಿಗೆ ಸೇರಿಸುತ್ತವೆ.

ಈ ಹಂತದ ತನಿಖೆಯಲ್ಲಿ ಮೊದಲು ತೆಗೆದಿಡಬೇಕಾದದ್ದು ಸ್ಕ್ಯಾನರ್ ಜೋಡಿಸುವ ಓಬಿಡಿ ಪೋರ್ಟಿಗೆ ಸಿಕ್ಕಿಸಿದ ಟ್ರ್ಯಾಕರ್ ಅಥವಾ ಬ್ಲೂಟೂತ್ ಡಾಂಗಲ್. ಅಪ್‌ಡೇಟ್ ನಡೆಯುವಾಗ ಜಾಲದಲ್ಲಿ ಬೇರೆ ಮಾತುಕತೆಗಳನ್ನು ನಿಲ್ಲಿಸಲಾಗಿರುತ್ತದೆ. ಆ ಮೌನದಲ್ಲಿ ಡಾಂಗಲ್ ಒಂದು ನಿಮಿಷಕ್ಕೊಮ್ಮೆ ಪ್ರಶ್ನೆ ಕೇಳುತ್ತಿದ್ದರೆ ಯೂನಿಟ್ ತಬ್ಬಿಬ್ಬಾಗಬಹುದು. ಕಂಪನಿಯ ಅನುಮತಿಯಿಲ್ಲದ ಉಪಕರಣದಿಂದ ಯೂನಿಟ್‌ಗೆ ನಾವೇ ಸಾಫ್ಟ್‌ವೇರ್ ಬರೆಯುವ ಸಾಹಸ ಬೇಡ. ಸಹಿ ಹೊಂದದೆ ಅದು ನಿರಾಕರಿಸುವುದೇ ಹೆಚ್ಚು, ನಿರಾಕರಿಸದಿದ್ದರೆ ಇನ್ನೂ ಅಪಾಯ. ಹೆಚ್ಚು ವೋಲ್ಟೇಜ್ ಇರುವ ಕಿತ್ತಳೆ ಬಣ್ಣದ ಕೇಬಲ್‌ಗಳ ಬಳಿ ತರಬೇತಿಯಿಲ್ಲದವರು ಕೈಹಾಕಲೇಬಾರದು.

ಅಪ್‌ಡೇಟ್ ಆಯಿತು, ಕಾರು ಬದಲಾಯಿತು

ಯಶಸ್ವಿ ಎಂದು ತೋರಿಸಿದ ಮೇಲೂ ದೂರುಗಳು ಬರುತ್ತವೆ. ಒಂದು ಚಾರ್ಜಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂಬ ಅಂದಾಜು ಇಳಿದಿದ್ದರೆ, ಕಾರು ಕಲಿತಿಟ್ಟುಕೊಂಡಿದ್ದ ಚಾಲನೆಯ ಅಭ್ಯಾಸದ ದಾಖಲೆ ಅಳಿಸಿಹೋಗಿ ಹೊಸದಾಗಿ ಕಲಿಯುತ್ತಿರಬಹುದು. ಒಂದು ವಾರ ಎಂದಿನ ದಾರಿಯಲ್ಲೇ ಓಡಿಸಿ, ಪ್ರತಿ ಯೂನಿಟ್ ವಿದ್ಯುತ್ತಿಗೆ ಎಷ್ಟು ಕಿಲೋಮೀಟರ್ ಬರುತ್ತಿದೆ ಎಂಬುದನ್ನು ಹಿಂದಿನ ಲೆಕ್ಕದೊಂದಿಗೆ ಹೋಲಿಸಿದ ಮೇಲೆ ಮಾತಾಡಬೇಕು. ಬೆಳಿಗ್ಗೆ ಕಾರು ಏಳದಿದ್ದರೆ, ಹೊಸ ಆವೃತ್ತಿಯಲ್ಲಿ ಯಾವುದೋ ಯೂನಿಟ್ ನಿದ್ದೆಗೆ ಹೋಗುತ್ತಿಲ್ಲ ಎಂದು ಶಂಕಿಸಿ, ಮಲಗಿದ ಕಾರಿನ ವಿದ್ಯುತ್ ಹರಿವನ್ನು ಮೇಲಿನಂತೆಯೇ ಅಳೆಯಬೇಕು. ಇದು ನಿಜವಾಗಿಯೂ ಸಾಫ್ಟ್‌ವೇರಿನ ತಪ್ಪಾಗಿರಬಹುದಾದ ಸಂದರ್ಭ.

ಬ್ರೇಕ್, ಸ್ಟಿಯರಿಂಗ್ ಅಥವಾ ಚಾಲನಾಶಕ್ತಿಗೆ ಸಂಬಂಧಿಸಿದ ಎಚ್ಚರಿಕೆ ಕಂಡರೆ ಪರೀಕ್ಷೆಗೆಂದೂ ಓಡಿಸಬಾರದು. 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಜೀಪ್ ರ‍್ಯಾಂಗ್ಲರ್‌ನ ಪ್ಲಗ್-ಇನ್ ಹೈಬ್ರಿಡ್ ವಾಹನಗಳು ಓಟಿಎ ಅಪ್‌ಡೇಟ್ ಪಡೆದ ನಂತರ ಓಡುತ್ತಿರುವಾಗಲೇ ಶಕ್ತಿ ಕಳೆದುಕೊಂಡವು. ಕಂಪನಿ ವಿತರಣೆ ನಿಲ್ಲಿಸಿ ಸರಿಪಡಿಸಿದ ಆವೃತ್ತಿಯನ್ನು ಕಳುಹಿಸಿತು. ಇದನ್ನು ಓದಿ ಅಪ್‌ಡೇಟ್‌ಗಳನ್ನೇ ಹಾಕದಿರುವುದು ಜಾಣತನ ಎಂದು ಭಾವಿಸುವವರಿಗೆ ಇನ್ನೊಂದು ಬದಿಯೂ ಗೊತ್ತಿರಲಿ: 2018ರಲ್ಲಿ ಟೆಸ್ಲಾ ಮಾಡೆಲ್ 3 ಗಂಟೆಗೆ 60 ಮೈಲಿ ವೇಗದಿಂದ ನಿಲ್ಲಲು 152 ಅಡಿ ತೆಗೆದುಕೊಳ್ಳುತ್ತದೆ ಎಂದು ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಆಕ್ಷೇಪಿಸಿದ ಮೇಲೆ, ಗಾಳಿಯಲ್ಲೇ ಬಂದ ಅಪ್‌ಡೇಟ್ ಆ ದೂರವನ್ನು 133 ಅಡಿಗೆ ಇಳಿಸಿತು.

ನನ್ನ ಕಾರಿನ ದೋಷವೋ, ಆವೃತ್ತಿಯ ದೋಷವೋ

ಒಂದೇ ಕಾರಿನ ಮಾಲೀಕರಿಗೆ ಈ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟ, ಹಲವು ಕಾರುಗಳಿರುವವರಿಗೆ ಸುಲಭ. ಬೇರೆಬೇರೆ ಕಾರುಗಳು ಬೇರೆಬೇರೆ ಶೇಕಡಾವಾರಿನಲ್ಲಿ ನಿಂತರೆ ದೋಷ ಆಯಾ ಕಾರಿನ ಸ್ಥಿತಿಯದ್ದು. ಬ್ಯಾಟರಿ ಗಟ್ಟಿಯಾಗಿದ್ದು, ಜಾಗ ಬೇರೆಯಾಗಿದ್ದು, ಎಲ್ಲವೂ ಒಂದೇ ಸಂಖ್ಯೆಯಲ್ಲಿ ನಿಂತರೆ ಕಂತನ್ನೇ ಅನುಮಾನಿಸಬೇಕು. ನಮ್ಮಲ್ಲಿ ಒಮ್ಮೆ ಒಂದೇ ಮಾದರಿಯ ಆರು ಕ್ಯಾಬ್‌ಗಳಲ್ಲಿ ಎರಡು ಮಾತ್ರ ಒಂದೇ ಜಾಗದಲ್ಲಿ ಸೋಲುತ್ತಿದ್ದವು. ಪಟ್ಟಿ ಓದಿದಾಗ ಆ ಎರಡರಲ್ಲೂ ಚಾರ್ಜಿಂಗ್ ಯೂನಿಟ್‌ನ ಹಾರ್ಡ್‌ವೇರ್ ಆವೃತ್ತಿ ಉಳಿದ ನಾಲ್ಕಕ್ಕಿಂತ ಒಂದು ಹೆಜ್ಜೆ ಹಳೆಯದಾಗಿತ್ತು. ಅಷ್ಟನ್ನು ಬರೆದು ಕಳುಹಿಸಿದ ಮೇಲೆ ಆ ಎರಡಕ್ಕೂ ಬೇರೆ ಕಂತು ಬಂತು; ಅದಕ್ಕೆ ಮೊದಲು ಎರಡು ವಾರ ‘ಫ್ಯಾಕ್ಟರಿ ರಿಸೆಟ್ ಮಾಡಿ ನೋಡಿ’ ಎಂಬ ಉತ್ತರವೇ ಬರುತ್ತಿತ್ತು.

ಅಂದಿನಿಂದ ನಾವು ಕಂಪನಿಯ ಹಂತಗಳ ಒಳಗೆ ನಮ್ಮದೇ ಹಂತಗಳನ್ನು ಮಾಡಿಕೊಂಡಿದ್ದೇವೆ. ಹೊಸ ಆವೃತ್ತಿ ಬಂದಾಗ ಭಾನುವಾರ ಕೆಲಸವಿಲ್ಲದ ಒಂದೇ ಕಾರಿಗೆ ಹಾಕಿ, ಮೂರು ದಿನ ಓಡಿಸಿ, ಚಾರ್ಜಿಂಗ್ ವೇಗವನ್ನೂ ಬೆಳಗಿನ 12 ವೋಲ್ಟ್ ಅಳತೆಯನ್ನೂ ನೋಡಿದ ಮೇಲೆ ಉಳಿದವಕ್ಕೆ ಒಪ್ಪಿಗೆ ಕೊಡುತ್ತೇವೆ. ಸ್ವಯಂಚಾಲಿತ ಇನ್‌ಸ್ಟಾಲನ್ನು ನಿಲ್ಲಿಸಿಟ್ಟಿದ್ದೇವೆ. ಭದ್ರತೆಗೆ ಅಥವಾ ರೀಕಾಲ್‌ಗೆ ಸಂಬಂಧಿಸಿದ್ದು ಎಂದು ಕಂಪನಿ ಸ್ಪಷ್ಟವಾಗಿ ಹೇಳಿದರೆ ಮಾತ್ರ ಈ ಕಾಯುವಿಕೆ ಇಲ್ಲ.

ಸರ್ವಿಸ್ ಸೆಂಟರ್‌ಗೆ ಒಪ್ಪಿಸುವಾಗ

ಕಾರು ಎದ್ದೇಳದಿದ್ದರೆ, ಯೂನಿಟ್ ಒಂದು ಬೂಟ್‌ಲೋಡರ್‌ನಲ್ಲೇ ಉಳಿದಿದ್ದರೆ, ಅಥವಾ ಸರಿಯಾದ ಬ್ಯಾಟರಿಯೊಂದಿಗೆ ಎರಡನೆಯ ಪ್ರಯತ್ನವೂ ಅದೇ ಜಾಗದಲ್ಲಿ ನಿಂತರೆ ಮೂರನೆಯದಕ್ಕೆ ಕೈಹಾಕದೆ ಒಪ್ಪಿಸಬೇಕು. ಜಾಬ್ ಕಾರ್ಡ್‌ನಲ್ಲಿ ‘ಸಾಫ್ಟ್‌ವೇರ್ ಪ್ರಾಬ್ಲಂ’ ಎಂದು ಎರಡು ಪದ ಬರೆಸಿ ಬರಬಾರದು; ನಿಂತ ಶೇಕಡಾವಾರು, ಸಂದೇಶ, ಸಮಯ, ಅಳೆದ ವೋಲ್ಟೇಜ್, ಹಿಂದೆ ಬದಲಾಯಿಸಿದ ಯೂನಿಟ್‌ಗಳು ಇಷ್ಟನ್ನೂ ಬರೆಸಬೇಕು. ಅವರು ಮತ್ತೆ ಬರೆಯುವಾಗ ಸಾಮಾನ್ಯ ಬ್ಯಾಟರಿ ಚಾರ್ಜರ್ ಬದಲು ಸ್ಥಿರ ವೋಲ್ಟೇಜ್ ಕೊಡುವ ಪೂರೈಕೆ ಉಪಕರಣವನ್ನೇ ಜೋಡಿಸಿದ್ದಾರೆಯೇ ಎಂದು ವಿನಯದಿಂದ ವಿಚಾರಿಸುವುದರಲ್ಲಿ ತಪ್ಪಿಲ್ಲ. ಕಾರು ಮರಳಿ ಬಂದ ಸಂಜೆ ಆವೃತ್ತಿಯ ಸಂಖ್ಯೆ ನೋಡಿ, ಬೀಗ ಹಾಕಿ, ಮರುದಿನ ಬೆಳಿಗ್ಗೆ ಎಬ್ಬಿಸುವ ಮೊದಲು ಒಮ್ಮೆ ವೋಲ್ಟೇಜ್ ಅಳೆದು, ಅದು 12.5ಕ್ಕಿಂತ ಮೇಲಿದ್ದರೆ ಆ ದಿನದ ತಾರೀಖು ಹಾಕಿ ದೂರನ್ನು ಮುಚ್ಚಬಹುದು.